ಕೆಂಪು ಚುಕ್ಕಿಯ ಓಣಿ

ನಮ್ಮೂರಿನಲ್ಲಿ ಮನೆ ಬದಲಿಸುವವರು ಗಂಟುಮೂಟೆ ಕಟ್ಟುವುದಿಲ್ಲ. ದೇವರ ಮುಂದಿನ ದೀಪ ಆರಿಸಿ, ಹಾಲಿನ ಪಾತ್ರೆಗೆ ಮುಚ್ಚಳ ಹಾಕಿ, ಬೆಕ್ಕನ್ನು ಎತ್ತಿಕೊಂಡು ಹೊರಗೆ ಬಂದು ನಿಂತರೆ ಸಾಕು. ಅಗಲವಾದ ತಗ್ಗು ಬಂಡಿಯೊಂದು ಮನೆಯ ಅಡಿಗೆ ನುಸುಳಿ, ಎಂಟು ಉಕ್ಕಿನ ಕಾಲುಗಳನ್ನು ಸಡಿಲಿಸಿ, ಮನೆಯನ್ನೇ ಹೊತ್ತುಕೊಂಡು ಹೊರಡುತ್ತದೆ. ನೀರಿನ ಕೊಳವೆ, ಕರೆಂಟು, ಚರಂಡಿ ಎಲ್ಲವೂ ಬಿಚ್ಚಿ ಕೂಡಿಸುವ ಹಾಗಿವೆ. ಬೆಳಿಗ್ಗೆ ಒಂದು ಓಣಿಯಲ್ಲಿ ಚಹಾ ಕುಡಿದು, ಮಧ್ಯಾಹ್ನ ಇನ್ನೊಂದು ಓಣಿಯಲ್ಲಿ, ಅದೇ ಅಡುಗೆಮನೆಯಲ್ಲಿ ಕೂತು ಊಟ ಮಾಡಬಹುದು.

ಊರಿನ ಹೆಸರು ಹೊಸ ಬೇವಿನಗಡ್ಡಿ. ಹಳೆಯ ಬೇವಿನಗಡ್ಡಿ ಹೊಳೆಯ ಹಿನ್ನೀರಿನ ಕೆಳಗಿದೆ. ಮುಳುಗಡೆಯಾದ ಬೇರೆ ಊರುಗಳಿಗೆಲ್ಲ ಮೊದಲು ಕಾಗದದ ಮೇಲೆ ಚೌಕ ಚೌಕ ಗೆರೆ ಎಳೆದು, ಆಮೇಲೆ ಆ ಚೌಕಗಳಿಗೆ ಜನರನ್ನು ತುಂಬಿದ್ದರು. ಸೆಕ್ಟರಿನ ನಂಬರು ಗೊತ್ತಾಗದೆ ಮದುವೆಯ ದಿಬ್ಬಣಗಳೇ ದಾರಿ ತಪ್ಪಿದವು. ನಮ್ಮೂರಿಗೆ ಹಾಗಾಗಬಾರದು, ಜನ ಹೇಗೆ ಬಾಳುತ್ತಾರೆಂದು ನೋಡಿ ಊರೇ ತನ್ನನ್ನು ತಿದ್ದಿಕೊಳ್ಳಲಿ ಎಂಬ ಆಸೆಯಿಂದ ಈ ಹೊರುವ ಮನೆಗಳು ಹುಟ್ಟಿದವು. ಶಾಲೆ, ದವಾಖಾನೆ, ಸಂತೆ ಪ್ರತಿ ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಬೇಕು ಎನ್ನುವುದು ಮೊದಲ ನಿಯಮ. ಹೊಂದುವವರು ಅಕ್ಕಪಕ್ಕ ಇರಬೇಕು, ಹೊಂದದವರು ದೂರ ಇರಬೇಕು ಎನ್ನುವುದು ಎರಡನೆಯದು. ಮೊದಲನೆಯದನ್ನು ಅಳೆಯುವುದು ಸುಲಭ. ಎರಡನೆಯದರಲ್ಲಿಯೇ ನಾನು ಎಡವಿದ್ದು.

ನಾನು ಪ್ರೇಮಲತಾ ಹಾದಿಮನಿ, ಊರಿನ ನಕ್ಷೆ ಕಚೇರಿಯಲ್ಲಿ ಎಂಜಿನಿಯರು. ಯಾರ ಮನೆ ಎಲ್ಲಿರಬೇಕೆಂದು ಲೆಕ್ಕ ಹಾಕುವ ಯಂತ್ರ ನಮ್ಮ ಕಚೇರಿಯಲ್ಲಿದೆ. ಸರ್ಕಾರ ಅದಕ್ಕಿಟ್ಟ ಹೆಸರು ಒಂದೂವರೆ ಸಾಲಿನಷ್ಟು ಉದ್ದವಿತ್ತು. ಜನ ಅದನ್ನು ಗೌಡ ಎಂದು ಕರೆದರು. ಇದು ನಿನ್ನ ಜಾಗ, ಅದು ಅವನ ಜಾಗ ಎಂದು ಹೇಳುವವನು ಊರಗೌಡನಲ್ಲದೆ ಇನ್ಯಾರು ಎಂದು ಅವರ ವಾದ.

ಗೌಡನಿಗೆ ಓಣಿಯ ದೀಪದ ಕಂಬಗಳೇ ಕಿವಿ. ಅವು ಪದಗಳನ್ನು ಕೇಳುವುದಿಲ್ಲ, ಉಳಿಸಿಕೊಳ್ಳುವುದೂ ಇಲ್ಲ. ನಮ್ಮ ಮಾತು ಕದಿಯಬಾರದು ಎಂದು ಊರವರು ಹಟ ಹಿಡಿದು ಪಡೆದ ಷರತ್ತು ಅದು. ಧ್ವನಿ ಎಷ್ಟು ಏರಿತು, ಎಷ್ಟು ಹೊತ್ತು ಏರಿತು, ಯಾವ ಮನೆಯಿಂದ ಯಾವ ಮನೆಯ ಕಡೆಗೆ ಹೋಯಿತು ಎಂಬುದಷ್ಟೇ ಲೆಕ್ಕ. ಏರಿದರೆ ನಕ್ಷೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ, ಅಂದರೆ ಜಗಳ. ಇಲ್ಲವಾದರೆ ಹಸಿರು. ಎಲ್ಲಿಗೆ ಮುಟ್ಟಿದರೆ ಜಗಳ ಎಂಬ ಅಳತೆಯನ್ನು ದೂರದ ಯಾವುದೋ ತಣ್ಣನೆಯ ದೇಶದಲ್ಲಿ, ಕಿಟಕಿ ಮುಚ್ಚಿಕೊಂಡು ಬಾಳುವ ಜನರ ನಡುವೆ ಕಟ್ಟಿದ್ದರು. ನಮ್ಮ ಕಡೆಯವರು ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳಿದರೂ ಆ ಅಳತೆ ದಾಟುತ್ತಿತ್ತು. ಯಂತ್ರ ಬಂದ ವರ್ಷ ನಾನೇ ಮೂರು ತಿಂಗಳು ಕೂತು ಅಳತೆಯನ್ನು ಸಡಿಲಿಸಿದೆ. ಇನ್ನು ಕೆಂಪು ಬಿದ್ದರೆ ಅದು ಜಗಳವೇ ಎಂದು ಸಹಿ ಹಾಕಿದವಳೂ ನಾನೇ.

ಆ ವರ್ಷ, ಮನೆಗಳು ವರ್ಷಕ್ಕೊಮ್ಮೆ ಜಾಗ ಬದಲಿಸುವ ಹದಿನೈದು ದಿನಗಳ ಅವಧಿ ಹತ್ತಿರ ಬಂದಾಗ ಗೌಡ ಮೂರನೇ ಓಣಿಯ ಎರಡು ಮನೆಗಳನ್ನು ಎತ್ತಿ ತೋರಿಸಿದ. ಮೋನವ್ವ ಬಡಿಗೇರ ಮತ್ತು ಹುಸೇನಬಿ ಬಾಗವಾನ. ಒಂದು ತಿಂಗಳಲ್ಲಿ ಐವತ್ತಮೂರು ಕೆಂಪು ಚುಕ್ಕಿ, ಹೆಚ್ಚಿನವು ಬೆಳಗಿನ ಹೊತ್ತು, ಎಲ್ಲವೂ ಹುಸೇನಬಿಯ ಮನೆಯಿಂದ ಮೋನವ್ವನ ಮನೆಯ ಕಡೆಗೆ. ಇಬ್ಬರೂ ಅರವತ್ತರ ಆಸುಪಾಸಿನವರು, ಇಬ್ಬರೂ ಒಬ್ಬೊಬ್ಬರೇ ಇರುವವರು. ಹುಸೇನಬಿಯನ್ನು ಏಳನೇ ಓಣಿಗೆ ಕಳಿಸಿ ಎಂದು ಗೌಡನ ಸಲಹೆ. ಆ ಓಣಿಯಲ್ಲಿ ಅವಳ ಮಗಳು ಶಾಹೀನ ಇದ್ದಳು. ಬಸುರಿ, ದಿನ ತುಂಬುತ್ತಿತ್ತು. ಮಗಳ ಪಕ್ಕದಲ್ಲಿ ಜಾಗ ಕೊಡಿ ಎಂದು ಹುಸೇನಬಿ ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಳು. ಜಗಳವೂ ತಪ್ಪುತ್ತದೆ, ಅರ್ಜಿಯೂ ತೀರುತ್ತದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನೋಟೀಸು ಮುಟ್ಟಿದ ಮರುದಿನವೇ ಹುಸೇನಬಿ ತಕರಾರಿನ ಕಿಟಕಿಗೆ ಬಂದಳು. ಹೋಗಲಾರೆ ಎಂದಳು. ಮೂರು ವರ್ಷ ಕೇಳಿದ್ದು ನೀವೇ ಅಲ್ಲವೇ ಎಂದರೆ, ಹೌದು ಎಂದಳು. ಕಾರಣ ಕೇಳಿದರೆ ಸೆರಗಿನ ತುದಿ ತಿರುವುತ್ತ ನಿಂತಳು. ಅವಳು ಹೋಗಿ ಗಂಟೆಯಾಗಿರಲಿಲ್ಲ, ಮೋನವ್ವ ಬಂದಳು, ಎದುರು ಮನೆಯ ದೇವೇಂದ್ರಪ್ಪನ ಭುಜದ ಮೇಲೆ ಕೈಯಿಟ್ಟುಕೊಂಡು. ಹುಸೇನಬಿಯ ಮಾತು ಕೇಳಬೇಡಿ, ಅವಳನ್ನು ಮಗಳ ಹತ್ತಿರ ಕಳಿಸಿಬಿಡಿ ಎಂದಳು. ಜಗಳಗಂಟಿ ತೊಲಗಲಿ ಎಂಬ ಧಾಟಿ ಅದರಲ್ಲಿ ಇರಲಿಲ್ಲ. ಬೇಡಿಕೊಳ್ಳುವ ಧಾಟಿ ಇತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಮರುದಿನ ಬೆಳಿಗ್ಗೆ ನಾನು ಮೂರನೇ ಓಣಿಗೆ ಹೋದೆ.

ಮೋನವ್ವ ಊರಿನ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಅವಳ ಒಲೆ, ಹುಸೇನಬಿಯ ಒಲೆ ಎರಡೂ ಮೂಡಣಕ್ಕೆ ಮುಖ ಮಾಡಿ ಅಕ್ಕಪಕ್ಕ ಇದ್ದವು, ನಡುವೆ ಎದೆಮಟ್ಟದ ಒಂದು ಗೋಡೆ. ನಾನು ಹೋದಾಗ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ನನಗೆ ಮಣೆ ಕೊಟ್ಟು ಕೂರಿಸಿದಳು, ಕುಡಿಯಲು ನೀರು ಕೊಟ್ಟಳು. ನಾನು ಕುಡಿದು ಚೊಂಬನ್ನು ಹಂಚಿನ ಪಕ್ಕ ಇಟ್ಟೆ.

ಗೋಡೆಯಾಚೆಯಿಂದ ಸಿಡಿಲಿನಂಥ ಧ್ವನಿ ಬಂತು. "ಏ ಮೋನಕ್ಕ, ಬಂದಾಕಿ ಹಂಚಿನ ಬಲಕ್ಕ ಚೊಂಬ ಇಟ್ಟಾಳ. ಕೈ ಚಾಚಬ್ಯಾಡ. ಹಿಟ್ಟಿನ ಬುಟ್ಟಿ ಹಿಂದ ಸರದೈತಿ, ಒಂದ ಗೇಣು."

ಬುಟ್ಟಿಯ ಕಡೆಗೆ ಹೊರಟಿದ್ದ ಮೋನವ್ವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಒಂದು ಗೇಣು ಹಿಂದೆ ಹೋಗಿ ಬುಟ್ಟಿಯನ್ನು ಮುಟ್ಟಿತು. ಆಗ ನಾನು ಮೊದಲ ಸಲ ಅವಳ ಕಣ್ಣುಗಳನ್ನು ನೋಡಿದೆ. ಅವು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಮ್ಮ ಗೌಡ ಐವತ್ತಮೂರು ಜಗಳವೆಂದು ಎಣಿಸಿದ್ದು ಇದನ್ನೇ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಕಣ್ಣಿನ ನರ ಒಣಗುವ ರೋಗ, ಎರಡು ವರ್ಷದಿಂದ. ಮದ್ದಿಲ್ಲ ಎಂದು ದೂರದ ದವಾಖಾನೆಯಲ್ಲಿ ಹೇಳಿದ್ದರು. ಅದನ್ನು ಮುಚ್ಚಿಟ್ಟಿದ್ದೇಕೆ ಎಂದು ನಾನು ಕೇಳಬೇಕಾಗಿರಲಿಲ್ಲ, ಆ ನಿಯಮವೂ ನಮ್ಮ ಕಚೇರಿಯದೇ. ಒಬ್ಬರೇ ಇರುವ, ಕಣ್ಣು ಕಾಣದವರು ಒಲೆಯಿರುವ ಮನೆಯಲ್ಲಿ ಇರುವಂತಿಲ್ಲ. ಅವರಿಗಾಗಿ ಆರೈಕೆ ಸಾಲು ಎಂಬುದಿದೆ. ಒಳ್ಳೆಯ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ನೋಡಿಕೊಳ್ಳಲು ದಾದಿ. ಬೆಂಕಿ ಮಾತ್ರ ಇಲ್ಲ.

"ತಂಗಿ, ಅಲ್ಲೆ ಚಲೋ ನೋಡ್ಕೋತಾರ, ನನಗ ಗೊತ್ತೈತಿ," ಎಂದಳು ಮೋನವ್ವ. "ಆದ್ರ ಹನ್ನೆರಡು ವರ್ಷದಾಕಿ ಇದ್ದಾಗಿಂದ ರೊಟ್ಟಿ ಬಡದ ಬದುಕೀನಿ. ಒಲಿ ಬಿಡಿಸಿದ್ರ ಬರೇ ಉಣ್ಣಾಕ ಉಳಿತೀನಿ. ಬರೀಬ್ಯಾಡ."

ಹುಸೇನಬಿ ಗೋಡೆಯ ಮೇಲೆ ಕೈಯೂರಿ ನಿಂತಿದ್ದಳು. ಅವಳ ಕಷ್ಟ ಬೇರೆ. ಮಗಳಿಗೆ ಮೊದಲ ಹೆರಿಗೆಯಲ್ಲಿ ಕೂಸು ದಕ್ಕಿರಲಿಲ್ಲ, ಈ ಸಲ ಹತ್ತಿರವೇ ಇರುತ್ತೇನೆಂದು ಮಾತು ಕೊಟ್ಟಿದ್ದಳು. ಇಬ್ಭಾಗ ಮಾಡಿ ಎರಡು ಓಣಿಗೂ ಹಂಚಲು ತಾನೇನು ರೊಟ್ಟಿಯೇ ಎಂದು ಕೇಳಿದಳು. ಅದಕ್ಕೆ ಮೋನವ್ವ, ಹೋಗದಿದ್ದರೆ ನಾನೇ ಕಚೇರಿಗೆ ಹೋಗಿ ಕಣ್ಣಿನ ವಿಷಯ ಬರೆಸುತ್ತೇನೆ ಎಂದು ಹೆದರಿಸಿದಳು. ಅವರಿಬ್ಬರು ನಿಜವಾಗಿ ಜಗಳಾಡಿದ್ದನ್ನು ನಾನು ಕೇಳಿದ್ದು ಆಗಲೇ. ಧ್ವನಿ ಮಾತ್ರ ತೀರಾ ತಗ್ಗಿತ್ತು. ಗೌಡ ಅದಕ್ಕೆ ಹಸಿರು ಚುಕ್ಕಿ ಇಟ್ಟಿದ್ದ.

ಕಚೇರಿಗೆ ಮರಳಿ ಬಹಳ ಹೊತ್ತು ನಕ್ಷೆಯ ಮುಂದೆ ಕೂತೆ. ಬದಲಾವಣೆ ತಡೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಮೋನವ್ವನ ಒಲೆ ಆರುತ್ತದೆ. ತಡೆದರೆ ಶಾಹೀನಳ ಪಕ್ಕದಲ್ಲಿ ತಾಯಿ ಇರುವುದಿಲ್ಲ. ನಾನು ತಡೆಯಲಿಲ್ಲ.

ಬಂಡಿ ಬಂದ ದಿನ ಮೋನವ್ವ ಗೋಡೆಯ ಈಚೆ ನಿಂತಿದ್ದಳು. ಗೋಡೆ ಹುಸೇನಬಿಯ ಮನೆಗೆ ಸೇರಿದ್ದು, ಮನೆಯ ಜೊತೆಗೇ ಅದೂ ಹೋಗಬೇಕು. ಅವಳು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಮನೆ ಮೆಲ್ಲಗೆ ಎದ್ದಾಗ ಗೋಡೆ ಅವಳ ಕೈಯ ಕೆಳಗಿಂದ ಜಾರಿ ಹೋಯಿತು. ಹುಸೇನಬಿ ಬಂಡಿಯ ಹಿಂದೆ ನಡೆದಳು, ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ಒಮ್ಮೆಯೂ ತಿರುಗದೆ. ಉಳಿದದ್ದು ಎಂಟು ಕಾಲುಗಳ ಗುರುತಿರುವ ಖಾಲಿ ಜಾಗ. ಮುಂದಿನ ವರ್ಷದವರೆಗೆ ಅಲ್ಲಿಗೆ ಯಾರೂ ಬರುವಂತಿರಲಿಲ್ಲ.

ಮೂರನೇ ಓಣಿ ಅಂದಿನಿಂದ ಹಸಿರಾಯಿತು. ನೆರೆಹೊರೆ ಉತ್ತಮ ಎಂದು ಗೌಡ ಷರಾ ಬರೆದ. ಎರಡು ದಿನ ಆ ಹಸಿರನ್ನು ನೋಡಿ ನೋಡಿ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಹೋಗಿ ನೋಡಿದರೆ ಮೋನವ್ವನ ಮುಂಗೈ ಮೇಲೆ ಅಂಗೈಯಷ್ಟಗಲದ ಸುಟ್ಟ ಗಾಯ, ಮೇಲೆ ಬೆಣ್ಣೆ ಸವರಿತ್ತು. ಹಂಚು ಎಲ್ಲಿದೆ ಎಂದು ಹೇಳುವವರು ಇರಲಿಲ್ಲ ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಇದು ದಯೆಯಲ್ಲ, ಹುಚ್ಚುತನ ಎನ್ನಿಸಿತು. ಕಚೇರಿಗೆ ಬಂದು ಆರೈಕೆ ಸಾಲಿನ ನಮೂನೆ ತೆಗೆದು ಅವಳ ಹೆಸರು, ವಯಸ್ಸು, ಮನೆಯ ನಂಬರು ತುಂಬಿದೆ. ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ನಾಳೆ ಬರೆದರಾಯಿತು ಎಂದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಬಂದಾಗ ಮೂರನೇ ಓಣಿಯಲ್ಲಿ ಕೆಂಪು ಚುಕ್ಕಿ ಇತ್ತು, ಎದುರಿನ ದೇವೇಂದ್ರಪ್ಪನ ಒಂಬತ್ತನೇ ಮನೆಯಿಂದ. ಸ್ವಲ್ಪ ಹೊತ್ತಿಗೆ ಹನ್ನೆರಡನೇ ಮನೆಯಿಂದ ಇನ್ನೊಂದು. ನಮೂನೆಯನ್ನು ಹಾಗೆಯೇ ಬಿಟ್ಟು ಓಡಿದೆ.

ಹುಸೇನಬಿ ಸುಮ್ಮನೆ ಹೋಗಿರಲಿಲ್ಲ. ಹೋಗುವ ಮುಂಚಿನ ವಾರ ಓಣಿಯ ಉಳಿದ ಹದಿಮೂರೂ ಮನೆಗೆ ಹೋಗಿ ಪಾಳಿ ಹಚ್ಚಿದ್ದಳು. ಹಳೆಯ ಬೇವಿನಗಡ್ಡಿಯಲ್ಲಿ ಕಾಲುವೆಯ ನೀರಿಗೆ ಪಾಳಿ ಇತ್ತಲ್ಲ, ಹಾಗೆಯೇ. ಬೆಳಗಿನ ಒಲೆಯ ಹೊತ್ತಿಗೆ ದೇವೇಂದ್ರಪ್ಪ, ರೊಟ್ಟಿ ಜೋಡಿಸುವ ಹೊತ್ತಿಗೆ ಹನ್ನೆರಡನೇ ಮನೆಯ ಸೊಸೆ, ನೀರು ಬಿಡುವ ಹೊತ್ತಿಗೆ ಇನ್ನೊಬ್ಬರು. ಗೋಡೆ ಹೋದ ಮೇಲೆ ಮೋನವ್ವನ ಅಡುಗೆಮನೆ ಇಡೀ ಓಣಿಗೆ ಕಾಣುತ್ತಿತ್ತು. ಆದರೆ ಮೊದಲ ಎರಡು ದಿನ ಎಲ್ಲರಿಗೂ ಸಂಕೋಚ. ಹಿರಿಯಳಾದ ಒಬ್ಬ ಹೆಂಗಸಿನ ಮನೆಯೊಳಗೆ ಇಣುಕಿ ಕೂಗುವುದು ಹೇಗೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಕೈ ಸುಟ್ಟಿದ್ದು ಕಂಡ ಮೇಲೆ ಸಂಕೋಚ ಬಿಟ್ಟರು.

ಮೊದಮೊದಲು ಅದೊಂದು ನಾಟಕವೇ. ದೇವೇಂದ್ರಪ್ಪ ಎಡಕ್ಕೆ ಎಂದು ಕೂಗಿದರೆ ಮೋನವ್ವ ಎಡಕ್ಕೆ ಹೋಗಿ ಕಂಬಕ್ಕೆ ಹಣೆ ಬಡಿಸಿಕೊಂಡಳು. ಎದುರು ನಿಂತವನ ಎಡ ಅವಳ ಬಲ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ. ಹುಸೇನಬಿ ಅವಳ ಪಕ್ಕದಲ್ಲೇ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದುದರಿಂದ ಈ ತೊಡಕೇ ಬಂದಿರಲಿಲ್ಲ. ಕೊನೆಗೆ ಮೋನವ್ವನೇ ಬೈದು ಹೇಳಿಕೊಟ್ಟಳು, ನಿಮ್ಮ ಎಡಬಲ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ನನಗೆ ದಿಕ್ಕು ಹೇಳಿ ಎಂದು. ಮನೆಗಳೇ ತಿರುಗಾಡುವ ಊರಿನಲ್ಲಿ ನಮ್ಮ ಜನ ದಿಕ್ಕು ಮರೆತಿದ್ದರು. ಒಂದು ವಾರದಲ್ಲಿ ಓಣಿಯವರೆಲ್ಲ ಮೂಡಲು, ಪಡುವಲು, ಬಡಗಲು, ತೆಂಕಲು ಎಂದು ಕೂಗುತ್ತಿದ್ದರು. ಆಮೇಲೆ ಅವಳ ಕೈ ಮತ್ತೆ ಸುಡಲಿಲ್ಲ. ನಾನು ಅರ್ಧ ತುಂಬಿದ್ದ ನಮೂನೆ ಹರಿದು ಹಾಕಿದೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ತಿಂಗಳು ತುಂಬಿದಾಗ ಗೌಡ ಹೊಸ ಸಲಹೆ ಹೊರಡಿಸಿದ. ಮೂರನೇ ಓಣಿಯಲ್ಲಿ ಇನ್ನೂರ ಆರು ಜಗಳ, ಹದಿನಾಲ್ಕು ಮನೆಗಳ ನಡುವೆ. ಒಬ್ಬರಿಗೊಬ್ಬರು ಹೊಂದುವುದು ಅಸಾಧ್ಯ. ಓಣಿಯನ್ನೇ ಒಡೆದು ಮನೆಗಳನ್ನು ಊರಿನ ಬೇರೆ ಬೇರೆ ಕಡೆ ಹಂಚಬೇಕು, ಅದೂ ಮುಂದಿನ ವರ್ಷಕ್ಕೆ ಕಾಯದೆ. ಮೋನವ್ವನ ಪಾಲಿಗೆ ಬಂದದ್ದು ಊರಿನ ಅಂಚಿನ ಒಂದು ಒಂಟಿ ಜಾಗ. ಸದ್ದಿಲ್ಲ, ನೆರೆಯವರಿಲ್ಲ.

ಕೊನೆಯ ಸಹಿ ನಮ್ಮ ಮುಖ್ಯ ಅಧಿಕಾರಿ ಯಾದವಾಡ ಸಾಹೇಬರದು. ಹಳೆಯ ಊರಿನವರೇ, ನಿವೃತ್ತಿಗೆ ಎರಡು ವರ್ಷ ಇತ್ತು, ಕಾಗದಕ್ಕೆ ಕಾಗದ ತಾಳೆಯಾಗದೆ ಪೆನ್ನು ಎತ್ತದ ಮನುಷ್ಯ. ಇದು ಜಗಳವಲ್ಲ ಎಂದೆ. ಹಾಗಾದರೆ ಏನು ಎಂದರು. ಜೋರಾಗಿ ಮಾತಾಡುತ್ತಾರೆ ಎಂದೆ. ದಿನಕ್ಕೆ ಏಳು ಸಲ, ಒಂದೇ ಮನೆಯ ಕಡೆಗೆ ಹದಿಮೂರು ಮನೆಯವರು ಜೋರಾಗಿ ಮಾತಾಡುವಂಥದ್ದು ಏನಿದೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿತ್ತು, ಹೇಳುವಂತಿರಲಿಲ್ಲ. ಒಮ್ಮೆ ಬಂದು ನೋಡಿ ಎಂದಷ್ಟೇ ಕೇಳಿಕೊಂಡೆ. ನೋಡಿದರೆ ಅವರಿಗೆ ತಿಳಿದೇ ತಿಳಿಯುತ್ತದೆ, ತಿಳಿದ ಮೇಲೆ ಮೋನವ್ವನ ಒಲೆ ಅವರ ಕೈಯಲ್ಲಿ. ಬೇರೆ ದಾರಿ ನನಗೆ ಕಾಣಲಿಲ್ಲ.

ಮರುದಿನ ಏಳು ಗಂಟೆಗೆ ಓಣಿಯ ಬಾಯಲ್ಲಿ ಜೀಪು ನಿಲ್ಲಿಸಿ ಇಳಿದೆವು. ಆಗಷ್ಟೇ ಕೇಬಲ್ಲಿನವರು ಮೋನವ್ವನ ಬಾಗಿಲಿನ ಮುಂದೆ ತೆಗ್ಗು ತೋಡಿ, ಮುಚ್ಚದೆ, ಚಹಾಕ್ಕೆ ಹೋಗಿದ್ದರು. ಪಾಳಿಯ ದೇವೇಂದ್ರಪ್ಪ ಒಲೆಯ ಕೆಲಸ ಮುಗಿಯಿತೆಂದು ಒಳಗೆ ಹೋಗಿದ್ದ. ಹನ್ನೆರಡನೇ ಮನೆಯವಳು ಇನ್ನೂ ಹೊರಗೆ ಬಂದಿರಲಿಲ್ಲ. ಅದೇ ಗಳಿಗೆಯಲ್ಲಿ ಮೋನವ್ವ ರೊಟ್ಟಿಯ ಬುಟ್ಟಿ ತಲೆಯ ಮೇಲೆ ಹೊತ್ತು ಹೊಸ್ತಿಲು ದಾಟಿದಳು. ನಾನು ಕೂಗಲು ಬಾಯಿ ತೆರೆದೆ.

"ಮೋನವ್ವ, ನಿಂದ್ರು." ಕೂಗಿದ್ದು ಯಾದವಾಡ ಸಾಹೇಬರು, ತೆಗ್ಗನ್ನು ಕಾಣದೆ ನೇರ ಬರುತ್ತಿದ್ದ ಅವಳ ಕಣ್ಣುಗಳನ್ನು ನೋಡಿ. ಕಚೇರಿಯಲ್ಲಿ ಆ ಧ್ವನಿಯನ್ನು ಯಾರೂ ಕೇಳಿರಲಿಲ್ಲ. "ಮುಂದ ತೆಗ್ಗ ಐತಿ. ತೆಂಕಲಕ್ಕ ಸರಿ, ಎರಡ ಹೆಜ್ಜಿ. ಇನ್ನೊಂದ. ಈಗ ಬಾ."

ಅವಳು ನಿಂತಳು. ತೆಂಕಲಿಗೆ ಸರಿದಳು. ಬುಟ್ಟಿ ಅಲುಗದಂತೆ ತೆಗ್ಗಿನ ಅಂಚು ದಾಟಿ ಬಂದು, ಇದು ಹೊಸ ಧ್ವನಿ, ಪಾಳಿಗೆ ಯಾರು ಸೇರಿದರಪ್ಪ ಎಂದು ಕೇಳಿದಳು. ಸಾಹೇಬರು ತಮ್ಮ ಹೆಸರು ಹೇಳಿದರು. ಮೋನವ್ವನ ಮುಖ ಬಿಳಿಚಿತು. ಯಾರಿಗೆ ತಿಳಿಯಬಾರದಿತ್ತೋ ಅವರಿಗೇ ತಿಳಿದುಹೋಗಿತ್ತು. ಬುಟ್ಟಿಯನ್ನು ಖಾನಾವಳಿಯ ಗಾಡಿಗೆ ಕೊಟ್ಟು, ಬಂದ ಹೆಜ್ಜೆಗಳನ್ನೇ ಎಣಿಸುತ್ತ ಒಳಗೆ ಹೋದಳು. ಸಾಹೇಬರು ಕೇಬಲ್ಲಿನವರು ಬಂದು ತೆಗ್ಗು ಮುಚ್ಚುವವರೆಗೆ ಅಲ್ಲೇ ನಿಂತರು. ಅಷ್ಟರಲ್ಲಿ ಹೊರಗೆ ಬಂದ ಹನ್ನೆರಡನೇ ಮನೆಯ ಸೊಸೆ, ಇವರು ಯಾರೆಂದು ನೋಡದೆ, ಮೋನವ್ವನಿಗೆ ಒಲೆಯ ಬೂದಿ ಪಡುವಲಿಗೆ ಚೆಲ್ಲಿದೆ ಎಂದು ಕೂಗಿ ಹೇಳಿದಳು.

ಕಚೇರಿಯಲ್ಲಿ ನಕ್ಷೆ ತೆರೆದಾಗ ಮೂರನೇ ಓಣಿಯ ಮೇಲೆ ಆ ದಿನದ ಎಲ್ಲಕ್ಕಿಂತ ದೊಡ್ಡ ಕೆಂಪು ಚುಕ್ಕಿ ಬಿದ್ದಿತ್ತು. ಸಮಯ ಏಳು ಗಂಟೆ ಮೂರು ನಿಮಿಷ. ಜಗಳ, ತೀವ್ರ. ಸಾಹೇಬರು ಕನ್ನಡಕ ತೆಗೆದು ಅದನ್ನೇ ನೋಡಿದರು. ಆಮೇಲೆ ಊರಿನ ಇನ್ನೊಂದು ಮೂಲೆಗೆ, ಅಧಿಕಾರಿಗಳ ಮನೆಗಳಿರುವ ಸಾಲಿಗೆ ಬೆರಳು ಒಯ್ದರು. ಅಲ್ಲಿ ಎಲ್ಲವೂ ಹಸಿರು.

"ನಮ್ಮ ಸಾಲಿನ್ಯಾಗ ಆರು ವರ್ಷದಾಗ ಒಂದೂ ಕೆಂಪ ಚುಕ್ಕಿ ಬಿದ್ದಿಲ್ಲ ನೋಡ್ರಿ, ಹಾದಿಮನಿಯವರ," ಎಂದರು. "ನಾ ಅದನ್ನ ಎಲ್ಲಾರ ಮುಂದ ಹೇಳ್ಕೊಂಡ ತಿರಗತಿದ್ದೆ. ಹೋದ ವರ್ಷ ನಮ್ಮ ಮನಿಯಾಕಿ ಬಚ್ಚಲದಾಗ ಬಿದ್ದಾಕಿ, ನಾ ಸಂಜಿಗೆ ಮನಿಗೆ ಹೋಗೂತನಾ ಹಂಗ ಬಿದ್ದಿದ್ಲು."

ಗೌಡನ ಸಲಹೆಯ ಮೇಲೆ ಅಡ್ಡಗೆರೆ ಎಳೆದರು. ಕಾರಣ ಎಂಬಲ್ಲಿ, ಸ್ಥಳ ನೋಡಿದ್ದೇನೆ, ಜಗಳವಿಲ್ಲ ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಕಣ್ಣಿನ ಮಾತು ಬರೆಯಲಿಲ್ಲ. ನನಗೆ ಅಳು ಬಂತು, ತಡೆದುಕೊಂಡೆ. ಕಾಗದ ಎತ್ತಿಕೊಂಡು ಹೊರಟವಳನ್ನು ಅವರು ಮತ್ತೆ ಕರೆದರು. ಕಚೇರಿಯ ಧ್ವನಿಯಲ್ಲೇ, ಸ್ವಲ್ಪ ಅಳುಕುತ್ತ ಕೇಳಿದರು.

"ಮೋನವ್ವನ ಬಾಜೂಕ ಆ ಜಾಗಾ ಖಾಲಿ ಐತಲ್ಲ. ಅದಕ್ಕ ಯಾರರ ಅರ್ಜಿ ಹಾಕ್ಯಾರೇನು?"

ಇಲ್ಲ ಎಂದೆ. ಅವರು ನಮೂನೆ ತರಿಸಿಕೊಂಡು, ಅರ್ಜಿದಾರರು ಎಂಬಲ್ಲಿ ಮೊದಲು ಹೆಂಡತಿಯ ಹೆಸರು ಬರೆದರು.